ಮಾರ್ಗದರ್ಶಿಯ ಜೊತೆ ಎತ್ತರದ ಪರ್ವತಕ್ಕೆ: ಹಣ ಕಟ್ಟುವ ಮೊದಲು, ಹಗ್ಗ ಹಿಡಿಯುವ ಮೊದಲು

ಪರ್ವತಾರೋಹಣ ಸಂಸ್ಥೆಯೊಂದಕ್ಕೆ ಹಣ ಕಟ್ಟಿ ಹೆಸರು ನೋಂದಾಯಿಸಿದ ದಿನವೇ ಅನೇಕರಿಗೆ ಅರ್ಧ ಬೆಟ್ಟ ಹತ್ತಿದಷ್ಟು ಸಮಾಧಾನವಾಗುತ್ತದೆ. ಆ ಹಣಕ್ಕೆ ಸಿಗುವುದು ಪರವಾನಗಿ, ಡೇರೆ, ಊಟ, ಹಗ್ಗ, ಆಮ್ಲಜನಕ, ಹವಾಮಾನದ ಮುನ್ಸೂಚನೆ ಮತ್ತು ಆ ಪರ್ವತವನ್ನು ಹಲವು ಬಾರಿ ಕಂಡವರೊಬ್ಬರ ವಿವೇಚನೆ. ಹತ್ತುವ ಕಾಲು, ಉಸಿರೆಳೆಯುವ ಶ್ವಾಸಕೋಶ, ಇಳಿಯುವಾಗ ಹಗ್ಗಕ್ಕೆ ಕೊಂಡಿ ಹಾಕುವ ಬೆರಳು ಇವೆಲ್ಲ ನಾವೇ ತರಬೇಕಾದವು. ಮಾರ್ಗದರ್ಶಿ ಜೊತೆಗಿದ್ದಾನೆಂದು ಇವುಗಳ ಸಿದ್ಧತೆಯಲ್ಲಿ ರಿಯಾಯಿತಿ ಪಡೆದವರೇ ಎತ್ತರದಲ್ಲಿ ತಮಗೂ ತಂಡಕ್ಕೂ ಹೊರೆಯಾಗುತ್ತಾರೆ. 6,000 ಮೀಟರಿನಿಂದ ಹಿಡಿದು 8,000 ಮೀಟರು ಮೀರಿದ ಪರ್ವತಗಳವರೆಗೆ ತಂಡದೊಂದಿಗೆ ಹೋಗಲು ಯೋಚಿಸುತ್ತಿರುವವರು ಯಾವುದನ್ನು ಯಾವಾಗ ನೋಡಿಕೊಳ್ಳಬೇಕು ಎಂಬುದನ್ನು ಇಲ್ಲಿ ಹೇಳಿದ್ದೇನೆ.

ಎತ್ತರ ಎಂದರೇನು ಎಂಬುದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಸುಮಾರು ಶೇ. 21ರಷ್ಟೇ ಇರುತ್ತದೆ, ಮೇಲೇರಿದಂತೆ ಕಡಿಮೆಯಾಗುವುದು ಗಾಳಿಯ ಒತ್ತಡ. ಸುಮಾರು 5,500 ಮೀಟರಿನಲ್ಲಿ ಆ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ, 8,848.86 ಮೀಟರಿನ ಎವರೆಸ್ಟ್ ತುದಿಯಲ್ಲಿ ಮೂರನೇ ಒಂದರಷ್ಟು ಮಾತ್ರ ಉಳಿದಿರುತ್ತದೆ. ದೇಹ ಹೊಂದಿಕೊಳ್ಳುತ್ತದೆ, ಆದರೆ ನಿಧಾನವಾಗಿ ಹೊಂದಿಕೊಳ್ಳುತ್ತದೆ. 8,000 ಮೀಟರಿನ ಆಚೆಗೆ ಎಷ್ಟು ದಿನ ಕಳೆದರೂ ಹೊಂದಿಕೊಳ್ಳುವುದಿಲ್ಲ, ಸವೆಯುತ್ತಾ ಹೋಗುತ್ತದೆ. ಆ ವಲಯವನ್ನು ಆರೋಹಿಗಳು 'ಸಾವಿನ ವಲಯ' ಎಂದು ಕರೆಯುವುದು ಇದೇ ಕಾರಣಕ್ಕೆ. ಬಯಲಿನಲ್ಲಿ ಮ್ಯಾರಥಾನ್ ಓಡುವವರಿಗೂ ಇಲ್ಲಿ ವಿನಾಯಿತಿಯಿಲ್ಲ. ಗಟ್ಟಿಮುಟ್ಟಾದವರು ಬೇಗ ಬೇಗ ಏರಿಬಿಡುವುದರಿಂದ ಅವರೇ ಮೊದಲು ಕಾಯಿಲೆ ಬಿದ್ದು ಮಲಗುವುದೂ ಉಂಟು.

ಯಾವ ಪರ್ವತ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಹಿಂದಿನ ಪರ್ವತದಲ್ಲಿದೆ. 4,000-5,000 ಮೀಟರಿನ ಚಾರಣಗಳು, ಹಿಮ ಮತ್ತು ಮಂಜುಗಡ್ಡೆಯ ಮೇಲೆ ನಡೆಯುವುದನ್ನು ಕಲಿಸುವ ಪರ್ವತಾರೋಹಣದ ಮೂಲ ತರಬೇತಿ, ಆಮೇಲೆ 6,000 ಮೀಟರಿನ ಒಂದೆರಡು ಶಿಖರ, ಸಾಧ್ಯವಾದರೆ 7,000 ಮೀಟರಿನ ಒಂದು, ಕೊನೆಗೆ 8,000 ಮೀಟರು: ಈ ಏಣಿಯಲ್ಲಿ ಮೆಟ್ಟಿಲು ಹಾರಿದವರಿಗೂ ಜಾಗ ಕೊಡುವ ಸಂಸ್ಥೆಗಳಿವೆ, ಆದರೆ ಜಾಗ ಸಿಕ್ಕಿತೆಂದು ಅರ್ಹತೆ ಬರುವುದಿಲ್ಲ. ಎತ್ತರದ ಅಂಕಿಯನ್ನಷ್ಟೇ ನೋಡಿ ಆಯ್ದುಕೊಳ್ಳುವುದೂ ತಪ್ಪು. ಆಫ್ರಿಕಾದ 5,895 ಮೀಟರಿನ ಕಿಲಿಮಂಜಾರೋದಲ್ಲಿ ಹಗ್ಗದ ಕೆಲಸವಿಲ್ಲ, ಮಾರ್ಗದರ್ಶಿ ಕಡ್ಡಾಯ, ಸಾಮಾನು ಹೊರುವವರೂ ಇರುತ್ತಾರೆ. ಅದಕ್ಕಿಂತ ಸುಮಾರು 300 ಮೀಟರು ಮಾತ್ರ ಎತ್ತರವಿರುವ ಅಲಾಸ್ಕಾದ 6,190 ಮೀಟರಿನ ಡೆನಾಲಿಯಲ್ಲಿ ಹೊರೆಯಾಳುಗಳಿಲ್ಲ, ಆರೋಹಿಯೇ ಬೆನ್ನಿಗೆ ಚೀಲ ಹೊತ್ತು, ಸೊಂಟಕ್ಕೆ ಜಾರುಬಂಡಿ ಕಟ್ಟಿಕೊಂಡು, ಹಿಮಬಿರುಕುಗಳ ನಡುವೆ ಸುಮಾರು ಮೂರು ವಾರ ಕಳೆಯಬೇಕು. ಅರ್ಜೆಂಟೀನಾದ 6,961 ಮೀಟರಿನ ಅಕೊಂಕಾಗುವದ ಸಾಮಾನ್ಯ ಮಾರ್ಗ ತಾಂತ್ರಿಕವಾಗಿ ಸುಲಭ, ಆದರೆ ಅಲ್ಲಿನ ಗಾಳಿ ಮತ್ತು ಚಳಿ ಎವರೆಸ್ಟಿಗೆ ಹೊರಡುವವರಿಗೂ ಒಳ್ಳೆಯ ಪರೀಕ್ಷೆ. ಋತುವೂ ಮುಖ್ಯ: ಎವರೆಸ್ಟಿಗೆ ಏಪ್ರಿಲ್-ಮೇ, ನೇಪಾಳದ ಮನಸ್ಲುವಿಗೆ ಸೆಪ್ಟೆಂಬರ್, ಡೆನಾಲಿಗೆ ಮೇ-ಜುಲೈ, ಅಕೊಂಕಾಗುವಕ್ಕೆ ಡಿಸೆಂಬರ್-ಫೆಬ್ರವರಿ. ಎವರೆಸ್ಟ್ ಎಂದರೆ ಮನೆ ಬಿಟ್ಟು ಸುಮಾರು ಎರಡು ತಿಂಗಳು ಎಂದು ಲೆಕ್ಕ ಹಾಕಿ ರಜೆ ಕೇಳಬೇಕು.

ಇನ್ನು ಸಂಸ್ಥೆಯ ಆಯ್ಕೆ. 'ಮಾರ್ಗದರ್ಶಿತ' ಎಂಬ ಒಂದೇ ಪದದ ಕೆಳಗೆ ಮೂರು ಬೇರೆ ಬೇರೆ ಸರಕುಗಳು ಮಾರಾಟವಾಗುತ್ತವೆ ಎಂಬುದನ್ನು ಮೊದಲು ತಿಳಿದಿರಬೇಕು. ಮೊದಲನೆಯದರಲ್ಲಿ ಅರ್ಹ ಪರ್ವತ ಮಾರ್ಗದರ್ಶಿ ತಂಡದೊಂದಿಗೆ ಶಿಖರದವರೆಗೂ ಬರುತ್ತಾನೆ, ನಿರ್ಧಾರಗಳೆಲ್ಲ ಅವನವು. ಎರಡನೆಯದರಲ್ಲಿ ಪ್ರತಿ ಆರೋಹಿಗೆ ಒಬ್ಬ ಶೆರ್ಪಾ ಜೊತೆಗಿರುತ್ತಾನೆ. ಅವನು ಬೆಟ್ಟ ಹತ್ತುವುದರಲ್ಲಿ ಅಸಾಧಾರಣ ನಿಪುಣನಾಗಿರಬಹುದು, ಆದರೆ ನಿಮ್ಮನ್ನು ಹಿಂದಕ್ಕೆ ಕಳಿಸುವ ಅಧಿಕಾರ ಅವನಿಗೆ ಇದೆಯೇ ಇಲ್ಲವೇ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ. ಮೂರನೆಯದು ಬೇಸ್ ಕ್ಯಾಂಪಿನವರೆಗಿನ, ಅಂದರೆ ಪರ್ವತದ ಬುಡದ ಮುಖ್ಯ ಶಿಬಿರದವರೆಗಿನ, ವ್ಯವಸ್ಥೆ ಮಾತ್ರ: ಪರವಾನಗಿ, ಅಡುಗೆ, ಡೇರೆ ಅವರದು, ಅಲ್ಲಿಂದ ಮೇಲಕ್ಕೆ ನೀವುಂಟು ನಿಮ್ಮ ಹಗ್ಗ ಉಂಟು. ಬೆಲೆ ತೀರಾ ಕಡಿಮೆ ಕಂಡರೆ ಅದು ಮೂರನೆಯ ಬಗೆಯದೇ ಎಂದು ವಿಚಾರಿಸಿ ನೋಡಿ.

ಕೇಳಬೇಕಾದ ಪ್ರಶ್ನೆಗಳನ್ನು ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ತಂಡದ ನಾಯಕ ಯಾರು, ಆತ ಅದೇ ಪರ್ವತವನ್ನು ಅದೇ ಮಾರ್ಗದಲ್ಲಿ ಎಷ್ಟು ಬಾರಿ ಹತ್ತಿದ್ದಾನೆ, ಅಂತರರಾಷ್ಟ್ರೀಯ ಪರ್ವತ ಮಾರ್ಗದರ್ಶಿಗಳ ಒಕ್ಕೂಟದ ಮಾನ್ಯತೆ ಇದೆಯೇ, ಕೊನೆಯ ಕ್ಷಣದಲ್ಲಿ ಆತನ ಬದಲು ಬೇರೊಬ್ಬರು ಬರುವ ಸಾಧ್ಯತೆಯಿದೆಯೇ. ಒಬ್ಬ ಮಾರ್ಗದರ್ಶಿಗೆ ಎಷ್ಟು ಆರೋಹಿಗಳು. ತಲೆಗೆ ಎಷ್ಟು ಆಮ್ಲಜನಕ ಸಿಲಿಂಡರು, ಅದರಾಚೆಗೆ ತಂಡದ ತುರ್ತು ದಾಸ್ತಾನು ಎಷ್ಟು ಮತ್ತು ಅದು ಯಾವ ಶಿಬಿರದಲ್ಲಿರುತ್ತದೆ. ಹವಾಮಾನದ ಮುನ್ಸೂಚನೆಯನ್ನು ಹಣ ಕೊಟ್ಟು ತರಿಸುತ್ತಾರೆಯೇ ಅಥವಾ ಪಕ್ಕದ ತಂಡದವರನ್ನು ಕೇಳುತ್ತಾರೆಯೇ. ಬೇಸ್ ಕ್ಯಾಂಪಿನಲ್ಲಿ ವೈದ್ಯರಿದ್ದಾರೆಯೇ. ಶಿಖರದ ದಿನ ಹಿಂದಿರುಗಲೇಬೇಕಾದ ಗಂಟೆ ಯಾವುದು, ಕಳೆದ ವರ್ಷ ಅದನ್ನು ಯಾರಿಗಾದರೂ ಅನ್ವಯಿಸಿದ್ದಾರೆಯೇ. ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರವನ್ನು ನಾನು ಉಳಿದೆಲ್ಲಕ್ಕಿಂತ ಹೆಚ್ಚು ನಂಬುತ್ತೇನೆ. "ನಮ್ಮಲ್ಲಿ ಎಲ್ಲರೂ ಶಿಖರ ಮುಟ್ಟುತ್ತಾರೆ" ಎನ್ನುವವರಿಗಿಂತ "ಹೋದ ಸಲ ಇಬ್ಬರನ್ನು ತುದಿಗೆ ನೂರು ಮೀಟರು ಇರುವಾಗ ಇಳಿಸಿದೆವು" ಎನ್ನುವವರ ಕೈಗೆ ಜೀವ ಕೊಡುವುದು ಮೇಲು. ನಿಮ್ಮ ಅನುಭವದ ಬಗ್ಗೆ ಅವರು ತಿರುಗಿ ಏನನ್ನೂ ಕೇಳದಿದ್ದರೆ ಅದೂ ಒಂದು ಉತ್ತರವೇ: ಅಂತಹ ತಂಡದಲ್ಲಿ ನಿಮ್ಮ ಹಿಂದೆ ಹಗ್ಗ ಹಿಡಿದವರನ್ನೂ ಅವರು ಏನೂ ಕೇಳಿರುವುದಿಲ್ಲ.

ಒಪ್ಪಂದದಲ್ಲಿ ಸೇರಿಲ್ಲದ ವೆಚ್ಚಗಳ ಪಟ್ಟಿಯನ್ನು, ಸೇರಿರುವ ವೆಚ್ಚಗಳಿಗಿಂತ ನಿಧಾನವಾಗಿ ಓದಬೇಕು. ವೈಯಕ್ತಿಕ ಉಡುಪು, ಹೆಚ್ಚುವರಿ ಸಿಲಿಂಡರು, ಉಪಗ್ರಹ ಫೋನು, ಸಿಬ್ಬಂದಿಗೆ ಕೊಡುವ ಭಕ್ಷೀಸು, ಶಿಖರ ಮುಟ್ಟಿದಾಗ ಶೆರ್ಪಾಗೆ ಸಲ್ಲುವ ವಿಶೇಷ ಮೊತ್ತ, ಅವಧಿಗೆ ಮೊದಲೇ ಮರಳಿದರೆ ಹೋಟೆಲು ಮತ್ತು ವಿಮಾನದ ಖರ್ಚು ಸಾಮಾನ್ಯವಾಗಿ ಹೊರಗೇ ಇರುತ್ತವೆ. ಹವಾಮಾನ ಕೈಕೊಟ್ಟು ಯಾರೂ ಹತ್ತಲಾಗದಿದ್ದರೆ ಹಣ ಮರಳುವುದಿಲ್ಲ ಎಂದೇ ತಿಳಿದುಕೊಳ್ಳಿ. ವಿಮೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಪ್ರವಾಸ ವಿಮೆಗಳು ಅನೇಕವು ಒಂದು ನಿರ್ದಿಷ್ಟ ಎತ್ತರದವರೆಗೆ ಮಾತ್ರ ಅನ್ವಯಿಸುತ್ತವೆ, ಹಗ್ಗ ಮತ್ತು ಐಸ್ ಆ್ಯಕ್ಸ್ (ಹಿಮಕೊಡಲಿ) ಬಳಸುವ ಆರೋಹಣವನ್ನು ಹೆಸರಿಸಿಯೇ ಹೊರಗಿಡುತ್ತವೆ. ನಿಮ್ಮ ಶಿಖರದ ಎತ್ತರ, ಹೆಲಿಕಾಪ್ಟರ್ ರಕ್ಷಣೆ ಮತ್ತು ಆಸ್ಪತ್ರೆ ವೆಚ್ಚ ಈ ಮೂರೂ ಪಾಲಿಸಿಯ ಅಕ್ಷರಗಳಲ್ಲಿ ಕಾಣಬೇಕು. ಏಜೆಂಟರ ಬಾಯಿಮಾತು ಸಾಲದು.

ದೇಹದ ತಯಾರಿಗೆ ಕನಿಷ್ಠ ಆರು ತಿಂಗಳು, ದೊಡ್ಡ ಶಿಖರಕ್ಕಾದರೆ ಒಂದು ವರ್ಷ ಇಟ್ಟುಕೊಳ್ಳಿ. ಮೊದಲು ವೈದ್ಯರ ಬಳಿ ಹೃದಯ, ರಕ್ತದೊತ್ತಡ, ಶ್ವಾಸಕೋಶಗಳ ತಪಾಸಣೆ, ಮತ್ತು ಅನೇಕರು ಮರೆಯುವ ಹಲ್ಲಿನ ತಪಾಸಣೆ. ಬೇಸ್ ಕ್ಯಾಂಪಿನಲ್ಲಿ ಹುಳುಕು ಹಲ್ಲು ಕೆರಳಿದರೆ ಇಡೀ ಆರೋಹಣ ಅಲ್ಲಿಗೇ ಮುಗಿಯಬಹುದು. ಅಭ್ಯಾಸದ ಬಹುಪಾಲು, ಮಾತನಾಡುತ್ತಲೇ ಮುಂದುವರಿಯಬಹುದಾದ ನಿಧಾನಗತಿಯಲ್ಲಿ ಗಂಟೆಗಟ್ಟಲೆ ನಡೆಯುವುದು ಮತ್ತು ಏರುವುದೇ ಆಗಿರಬೇಕು. ಬೆನ್ನಿಗೆ ಹೊರೆ ಹಾಕಿ ಮೆಟ್ಟಿಲು ಹತ್ತಿ, ತೂಕವನ್ನು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ, ವಾರಾಂತ್ಯದಲ್ಲಿ ಸತತ ಎರಡು ದಿನ ದೀರ್ಘವಾಗಿ ನಡೆಯಿರಿ. ಮೊದಲ ದಿನದ ಆಯಾಸ ಹೊತ್ತು ಎರಡನೆಯ ದಿನ ಹೇಗೆ ನಡೆಯುತ್ತೀರಿ ಎಂಬುದೇ ಪರ್ವತದಲ್ಲಿ ಕೆಲಸಕ್ಕೆ ಬರುವ ಅಳತೆ. ಇಳಿಯುವ ಅಭ್ಯಾಸವನ್ನೂ ಬಿಡಬೇಡಿ, ಮಂಡಿ ಮತ್ತು ತೊಡೆ ಸೋಲುವುದು ಅಲ್ಲಿಯೇ.

ಸಲಕರಣೆಯಲ್ಲಿ ಎರಡು ವಿಷಯಗಳಿಗೆ ಹಣ ಉಳಿಸಬಾರದು: ಬೂಟು ಮತ್ತು ಕೈಗವಸು. 6,000 ಮೀಟರಿನ ಚಳಿಯ ಶಿಖರಗಳಿಗೆ ಎರಡು ಪದರದ ಬೂಟು, 8,000 ಮೀಟರಿಗೆ ಮೊಣಕಾಲಿನ ಹತ್ತಿರದವರೆಗೂ ಮುಚ್ಚುವ ಹೊರಪದರವುಳ್ಳ ದಪ್ಪ ಬೂಟು ಬೇಕು. ದಪ್ಪ ಕಾಲುಚೀಲ ಹಾಕಿಕೊಂಡು ಇಳಿಜಾರಿನಲ್ಲಿ ನಿಂತಾಗ ಬೆರಳು ಮುಂದೆ ತಾಗಬಾರದು. ಬಿಗಿಯಾದ ಬೂಟು ರಕ್ತಸಂಚಾರ ತಡೆದು ಹಿಮಗಡಿತಕ್ಕೆ, ಅಂದರೆ ಚಳಿಗೆ ಬೆರಳು ಹೆಪ್ಪುಗಟ್ಟುವುದಕ್ಕೆ, ದಾರಿ ಮಾಡುತ್ತದೆ. ಬೂಟು ಹೊಸದಾಗಿಯೇ ಪರ್ವತ ತಲುಪಬಾರದು. ಅದಕ್ಕೆ ಕ್ರ್ಯಾಂಪಾನ್ (ಮಂಜುಗಡ್ಡೆಯಲ್ಲಿ ಹಿಡಿತಕ್ಕಾಗಿ ಬೂಟಿನಡಿ ಕಟ್ಟುವ ಲೋಹದ ಮುಳ್ಳುಗಳು) ಸರಿಯಾಗಿ ಕೂರುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ. ಹಿಮನದಿಗೆ ತಕ್ಕ ಕಡುಗಪ್ಪು ಕನ್ನಡಕ ಎರಡು ಜೊತೆ ಇರಲಿ, ಏಕೆಂದರೆ ಹಿಮದಿಂದ ಪ್ರತಿಫಲಿಸುವ ನೇರಳಾತೀತ ಕಿರಣ ಕೆಲವೇ ಗಂಟೆಗಳಲ್ಲಿ ಕಣ್ಣು ಕತ್ತಲಾಗಿಸಬಲ್ಲದು. ಮೂಗಿನ ಹೊಳ್ಳೆಯ ಒಳಅಂಚಿಗೂ ಗಲ್ಲದ ಕೆಳಭಾಗಕ್ಕೂ ಸನ್‌ಸ್ಕ್ರೀನ್ ಹಚ್ಚಬೇಕೆಂಬುದು ಮೊದಲ ದಿನ ಯಾರಿಗೂ ಹೊಳೆಯುವುದಿಲ್ಲ, ಎರಡನೆಯ ದಿನ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಹಗ್ಗದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಡಿದಾದ ಭಾಗಗಳಲ್ಲಿ ಮೊದಲೇ ಕಟ್ಟಿದ ಸ್ಥಿರಹಗ್ಗವಿರುತ್ತದೆ, ನಡುನಡುವೆ ಅದನ್ನು ಹಿಮಕ್ಕೋ ಬಂಡೆಗೋ ಬಿಗಿದ ಆಧಾರಗಳಿರುತ್ತವೆ. ನಿಮ್ಮ ಹಾರ್ನೆಸ್‌ನಿಂದ (ಸೊಂಟ ಮತ್ತು ತೊಡೆಗೆ ಕಟ್ಟುವ ಪಟ್ಟಿ) ಎರಡು ಬಳ್ಳಿಗಳು ಹೊರಡುತ್ತವೆ: ಒಂದರ ತುದಿಯಲ್ಲಿ ಜುಮಾರ್ (ಹಗ್ಗದ ಮೇಲೆ ಮೇಲಕ್ಕೆ ಮಾತ್ರ ಜಾರುವ ಹಿಡಿ), ಇನ್ನೊಂದರ ತುದಿಯಲ್ಲಿ ಸುರಕ್ಷತೆಯ ಕ್ಯಾರಬೈನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ). ಆಧಾರ ಸಿಕ್ಕಾಗ ಮೊದಲು ಕ್ಯಾರಬೈನರನ್ನು ಬಿಚ್ಚಿ ಆಧಾರದ ಆಚೆಯ ಹಗ್ಗಕ್ಕೆ ಹಾಕಬೇಕು, ಬಾಯಿ ಮುಚ್ಚಿಕೊಂಡದ್ದನ್ನು ಕಣ್ಣಿನಿಂದ ನೋಡಿ ಕೈಯಿಂದ ಒಮ್ಮೆ ಎಳೆದು ಖಚಿತಪಡಿಸಿಕೊಳ್ಳಬೇಕು, ಆಮೇಲೆ ಮಾತ್ರ ಜುಮಾರನ್ನು ತೆಗೆದು ಮೇಲಿನ ಹಗ್ಗಕ್ಕೆ ದಾಟಿಸಬೇಕು. ಎರಡರಲ್ಲಿ ಒಂದಾದರೂ ಸದಾ ಹಗ್ಗದ ಮೇಲಿರಬೇಕು. ಓದಿದರೆ ಮಕ್ಕಳಾಟ. ನಾನು ಇದನ್ನು ಮೊದಲು ಕಲಿತದ್ದು ಬರಿಗೈಯಲ್ಲಿ, ಹತ್ತು ಸೆಕೆಂಡಿನ ಕೆಲಸ. ದಪ್ಪ ಕೈಗವಸು ಹಾಕಿಕೊಂಡು ಮೊದಲ ಸಲ ಮಾಡಿದಾಗ ಕ್ಯಾರಬೈನರಿನ ಬಾಯಿ ತೆರೆಯುವುದಕ್ಕೇ ಒಂದು ನಿಮಿಷ ಹಿಡಿಯಿತು, ಹಿಂದಿದ್ದವರು ನಾಲ್ವರು ಚಳಿಯಲ್ಲಿ ಕಾದು ನಿಂತರು. ಹಾಗಾಗಿ ಮನೆಯಲ್ಲಿ ಕಿಟಕಿಯ ಸರಳುಗಳಿಗೆ ಹಗ್ಗ ಕಟ್ಟಿ, ಕೈಗವಸು ತೊಟ್ಟು, ದೀಪ ಆರಿಸಿ, ನೂರು ಬಾರಿಯಾದರೂ ಇದನ್ನು ಮಾಡಿ. ಎಂಟರಾಕಾರದ ಇಳಿಕೆಯ ಸಾಧನಕ್ಕೆ ಹಗ್ಗ ಪೋಣಿಸುವುದನ್ನೂ ಅದೇ ಕತ್ತಲಲ್ಲಿ ಕಲಿಯಿರಿ.

ಪರ್ವತ ತಲುಪಿದ ಮೇಲೆ ಎಲ್ಲವೂ ನಿಧಾನದ ವ್ಯವಹಾರ. 3,000 ಮೀಟರು ದಾಟಿದ ಬಳಿಕ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಉಳಿಯಬೇಕು ಎಂಬುದು ಎತ್ತರದ ವೈದ್ಯಕೀಯದ ಸಾಮಾನ್ಯ ಸಲಹೆ. ಹಗಲು ಮೇಲೇರಿ ರಾತ್ರಿ ಕೆಳಗೆ ಮಲಗುವ ಸುತ್ತುಗಳನ್ನು ದೊಡ್ಡ ಶಿಖರಗಳಲ್ಲಿ ವಾರಗಟ್ಟಲೆ ಮಾಡಿಸುತ್ತಾರೆ. ಒಮ್ಮೆ ಹತ್ತಿದ ಶಿಬಿರಕ್ಕೆ ಮತ್ತೆ ಮತ್ತೆ ಹೋಗುವುದು ಬೇಸರ ತರಿಸುತ್ತದೆ, ಆದರೆ ಬೆಟ್ಟ ಹತ್ತುವ ದೇಹ ತಯಾರಾಗುವುದು ಆ ಬೇಸರದಲ್ಲೇ. ಕಿಲಿಮಂಜಾರೋದಂತಹ ಕಡೆ ಐದು ದಿನದ ಅಗ್ಗದ ಕಾರ್ಯಕ್ರಮಕ್ಕಿಂತ ಏಳೆಂಟು ದಿನದ್ದನ್ನು ಆರಿಸಿಕೊಳ್ಳಬೇಕಾದ ಕಾರಣವೂ ಇದೇ.

ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ, ನಿದ್ದೆಗೆಡುವುದು ಎತ್ತರದ ಅಸ್ವಸ್ಥತೆಯ ಮೊದಲ ಗುರುತುಗಳು. ಎತ್ತರದಲ್ಲಿ ಬಂದ ತಲೆನೋವಿಗೆ ಬೇರೆ ಕಾರಣ ಸಾಬೀತಾಗುವವರೆಗೆ ಎತ್ತರವೇ ಕಾರಣ ಎಂದು ನಂಬಿ, ಮಾರ್ಗದರ್ಶಿಗೆ ಹೇಳಿ, ಅದು ಇಳಿಯುವವರೆಗೆ ಮೇಲೇರಬೇಡಿ. ಕೆಲವರು ವೈದ್ಯರ ಸಲಹೆಯ ಮೇಲೆ ಅಸಿಟಜೋಲಮೈಡ್ ಮಾತ್ರೆಯನ್ನು ಮುಂಜಾಗ್ರತೆಯಾಗಿ ತೆಗೆದುಕೊಳ್ಳುತ್ತಾರೆ. ಅದು ಹೊಂದಿಕೊಳ್ಳುವಿಕೆಗೆ ನೆರವಾಗುತ್ತದೆ, ಬೇಗ ಏರಲು ಪರವಾನಗಿ ಕೊಡುವುದಿಲ್ಲ. ಇದಕ್ಕಿಂತ ಭಯಂಕರವಾದವು ಎರಡು. ಮಿದುಳಿಗೆ ನೀರು ತುಂಬಿಕೊಂಡರೆ ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ. ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಹೆಬ್ಬೆರಳಿಗೆ ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಯಲು ಹೇಳಿ, ವಾಲಿದರೆ ಆ ವ್ಯಕ್ತಿಯನ್ನು ಆ ಕ್ಷಣವೇ ಇಳಿಸಬೇಕು. ಶ್ವಾಸಕೋಶಕ್ಕೆ ನೀರು ತುಂಬಿದರೆ ಕುಳಿತಲ್ಲೇ ಏದುಸಿರು, ಕೆಮ್ಮು, ಕೊನೆಗೆ ಗುಲಾಬಿ ಬಣ್ಣದ ನೊರೆ. ಆಮ್ಲಜನಕ, ಔಷಧಿ, ರೋಗಿಯನ್ನು ಒಳಗಿಟ್ಟು ಗಾಳಿ ತುಂಬುವ ಒತ್ತಡದ ಚೀಲ ಇವೆಲ್ಲ ಸಮಯ ಗಳಿಸಿ ಕೊಡುತ್ತವೆ. ನಿಜವಾದ ಚಿಕಿತ್ಸೆ ಕೆಳಗಿಳಿಯುವುದೇ. ಕಷ್ಟವೇನೆಂದರೆ ಮಿದುಳು ಮಂಕಾದವನಿಗೆ ತಾನು ಮಂಕಾಗಿದ್ದೇನೆ ಎಂಬುದೂ ತಿಳಿಯುವುದಿಲ್ಲ. ಹೀಗಾಗಿ ಡೇರೆಯ ಜೊತೆಗಾರನನ್ನು ನೀವು ಗಮನಿಸಬೇಕು, ನಿಮ್ಮನ್ನು ಅವನು.

ಬೇಸ್ ಕ್ಯಾಂಪಿನ ಬದುಕಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಊಟಕ್ಕೆ ಮೊದಲು ಕೈ ತೊಳೆಯಿರಿ, ಹಸಿವಿಲ್ಲದಿದ್ದರೂ ತಿನ್ನಿರಿ, ದಿನಕ್ಕೆ ಮೂರು-ನಾಲ್ಕು ಲೀಟರು ನೀರು ಕುಡಿಯಿರಿ, ಒಣಗಾಳಿಯ ಕೆಮ್ಮು ತಡೆಯಲು ಬಾಯಿ-ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ರಾತ್ರಿ ಡೇರೆಯೊಳಗೆ ಮೂತ್ರಕ್ಕೊಂದು ಬಾಟಲಿ ಇಟ್ಟುಕೊಳ್ಳಿ ಮತ್ತು ಅದನ್ನು ನೀರಿನ ಬಾಟಲಿಗಿಂತ ಬೇರೆ ಆಕಾರದ್ದನ್ನಾಗಿ ಆರಿಸಿಕೊಳ್ಳಿ. ಅಲ್ಲಿ ಕೆಲಸ ಮಾಡುವವರ ಬಗ್ಗೆ ಮಾತ್ರ ಒಂದು ಮಾತು ಹೆಚ್ಚು ಹೇಳಬೇಕು. ಎವರೆಸ್ಟಿನ ಖುಂಬು ಹಿಮಪ್ರಪಾತವನ್ನು (ಬೇಸ್ ಕ್ಯಾಂಪಿನ ಮೇಲೆ, ಒಡೆದು ಜಾರುತ್ತಿರುವ ಹಿಮನದಿಯ ಕಡಿದಾದ ಭಾಗ) ನೀವು ಕೆಲವೇ ಬಾರಿ ದಾಟಿದರೆ, ನಿಮ್ಮ ಡೇರೆ, ಹಗ್ಗ, ಸಿಲಿಂಡರು ಹೊತ್ತವರು ಅದನ್ನು ಹಲವು ಪಟ್ಟು ಹೆಚ್ಚು ದಾಟುತ್ತಾರೆ. 2014ರ ಏಪ್ರಿಲ್ 18ರಂದು ಅಲ್ಲಿ ಬಿದ್ದ ಮಂಜುಗಡ್ಡೆಯ ಕುಸಿತದಲ್ಲಿ ಸತ್ತ 16 ಮಂದಿಯೂ ನೇಪಾಳಿ ಕೆಲಸಗಾರರೇ. ಸಂಸ್ಥೆ ಅವರಿಗೆ ಕೊಡುವ ಕೂಲಿ, ಉಡುಪು, ವಿಮೆಯ ಬಗ್ಗೆ ಹಣ ಕಟ್ಟುವ ಮೊದಲೇ ಕೇಳಿ.

ಶಿಖರದ ರಾತ್ರಿಗೆ ಗಾಳಿಯ ವೇಗ ತಗ್ಗುವ ಒಂದೆರಡು ದಿನಗಳಿಗಾಗಿ ಎಲ್ಲ ತಂಡಗಳೂ ಕಾಯುತ್ತವೆ, ಎಲ್ಲ ತಂಡಗಳೂ ಒಟ್ಟಿಗೇ ಹೊರಡುತ್ತವೆ, ಹಾಗಾಗಿ ಹಗ್ಗದ ಮೇಲೆ ಸಾಲು ಬೆಳೆಯುತ್ತದೆ. ಇಲ್ಲಿ ಆಮ್ಲಜನಕದ ಲೆಕ್ಕ ನಿಮಗೇ ಬಾಯಿಪಾಠವಿರಬೇಕು. 300 ಬಾರ್ ಒತ್ತಡದಲ್ಲಿ ತುಂಬಿದ ನಾಲ್ಕು ಲೀಟರಿನ ಸಿಲಿಂಡರಿನಲ್ಲಿ ಸುಮಾರು 1,200 ಲೀಟರು ಅನಿಲವಿರುತ್ತದೆ: ನಿಮಿಷಕ್ಕೆ ಎರಡು ಲೀಟರಿನಂತೆ ಬಿಟ್ಟರೆ ಹತ್ತು ಗಂಟೆ, ನಾಲ್ಕು ಲೀಟರಿನಂತೆ ಬಿಟ್ಟರೆ ಐದೇ ಗಂಟೆ. ಸಾಲಿನಲ್ಲಿ ನಿಂತ ಎರಡು ಗಂಟೆಗೂ ಅದು ಖರ್ಚಾಗುತ್ತಲೇ ಇರುತ್ತದೆ. ಮಾಪಕವನ್ನು ಮಾರ್ಗದರ್ಶಿ ನೋಡುತ್ತಾನೆಂದು ಬಿಡದೆ ನೀವೂ ಗಂಟೆಗೊಮ್ಮೆ ನೋಡಿ ಅಥವಾ ತೋರಿಸಿ ಕೇಳಿ. ಮುಖವಾಡದ ಕವಾಟದಲ್ಲಿ ಉಸಿರಿನ ತೇವ ಹೆಪ್ಪುಗಟ್ಟಿದರೆ ಅದನ್ನು ಬಿಡಿಸುವುದು ಹೇಗೆಂದು ಕೆಳಗಿನ ಶಿಬಿರದಲ್ಲೇ ಕಲಿತಿರಿ.

ಹಿಂದಿರುಗುವ ಗಂಟೆಯನ್ನು ಹೊರಡುವ ಮೊದಲೇ ಗಟ್ಟಿಯಾಗಿ ಹೇಳಿಕೊಂಡಿರಬೇಕು. 1996ರ ಮೇ 10ರಂದು ಎವರೆಸ್ಟಿನಲ್ಲಿ ಅನುಭವಿ ನಾಯಕರಿದ್ದ ಎರಡು ವಾಣಿಜ್ಯ ತಂಡಗಳ ಹಲವರು ಮಧ್ಯಾಹ್ನ ಎರಡು ಗಂಟೆಯ ನಂತರವೂ ಮೇಲೇರುತ್ತಲೇ ಇದ್ದರು. ಸಂಜೆ ಎರಗಿದ ಬಿರುಗಾಳಿಯಲ್ಲಿ ಪರ್ವತದ ಎರಡೂ ಬದಿಗಳಲ್ಲಿ ಸೇರಿ ಎಂಟು ಮಂದಿ ಸತ್ತರು, ಆ ಎರಡೂ ತಂಡಗಳ ನಾಯಕರು ಅವರಲ್ಲಿದ್ದರು. ತುದಿ ಕಣ್ಣೆದುರೇ ಇರುವಾಗ ಗಡಿಯಾರ ನೋಡುವುದು ಕಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಮಾರ್ಗದರ್ಶಿ 'ಹಿಂದಿರುಗಿ' ಎಂದಾಗ ವಾದಿಸಬೇಡಿ. ಆತ ಹೇಳದಿದ್ದರೂ ನಿಮ್ಮ ಬೆರಳು ಸ್ಪರ್ಶ ಕಳೆದುಕೊಂಡಿದ್ದರೆ, ಮೂರು ಹೆಜ್ಜೆಗೊಮ್ಮೆ ಕೂರಬೇಕೆನಿಸುತ್ತಿದ್ದರೆ, ಇಳಿಯಲು ಶಕ್ತಿ ಉಳಿಯಲಾರದೆನಿಸಿದರೆ ನೀವೇ ಹೇಳಿ.

ತುದಿ ಎಲ್ಲಿದೆ ಎಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಇದು ತಮಾಷೆಯ ಮಾತಲ್ಲ: 8,163 ಮೀಟರಿನ ಮನಸ್ಲುವಿನಲ್ಲಿ ವರ್ಷಗಳ ಕಾಲ ಅನೇಕರು ನಿಜವಾದ ತುದಿಗಿಂತ ಈಚೆಗಿನ ಏಣಿನ ಮೇಲೆ ನಿಂತು ಚಿತ್ರ ತೆಗೆಸಿಕೊಂಡು ಮರಳುತ್ತಿದ್ದರು, 2021ರಲ್ಲಿ ಡ್ರೋನ್ ತೆಗೆದ ಚಿತ್ರ ಅದನ್ನು ಎಲ್ಲರ ಕಣ್ಣಿಗೂ ಕಾಣಿಸಿತು.

ಇಳಿಯುವಾಗ ಹಗ್ಗಕ್ಕೆ ಹಾಕುವ ಪ್ರತಿಯೊಂದು ಕೊಂಡಿಯನ್ನೂ ಬಾಯಿಬಿಟ್ಟು ಹೇಳಿಕೊಳ್ಳಿ: ಕ್ಯಾರಬೈನರ್ ಬಿದ್ದಿತು, ಮುಚ್ಚಿತು, ಈಗ ಮುಂದೆ. ದಣಿವು, ನಿರಾಳ, ಬಿಸಿಲು ಮೂರೂ ಸೇರಿ ಕೈ ತಪ್ಪುವ ಹೊತ್ತು ಇದು. ಹಳೆಯ ವರ್ಷಗಳ ಸವೆದ ಹಗ್ಗಗಳೂ ಪಕ್ಕದಲ್ಲೇ ನೇತಾಡುತ್ತಿರುತ್ತವೆ, ಈ ವರ್ಷದ್ದು ಯಾವುದೆಂದು ಕೇಳಿಯೇ ಹಿಡಿಯಿರಿ. ಶಿಬಿರ ತಲುಪಿದ ಕೂಡಲೇ ಮಲಗದೆ ಬೂಟು ಬಿಚ್ಚಿ ಕಾಲ್ಬೆರಳುಗಳನ್ನು ನೋಡಿಕೊಳ್ಳಿ. ಅವು ಬಿಳಿಚಿ, ಮೇಣದಂತೆ ಗಟ್ಟಿಯಾಗಿ, ಮುಟ್ಟಿದ್ದು ತಿಳಿಯದಂತಾಗಿದ್ದರೆ ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ ಇಲ್ಲದ ಕಡೆ ತಲುಪಿದ ಮೇಲೆ ಮಾತ್ರ 37ರಿಂದ 39 ಡಿಗ್ರಿ ಸೆಲ್ಸಿಯಸ್‌ನ ಬೆಚ್ಚನೆಯ ನೀರಿನಲ್ಲಿ ಅದ್ದಿ, ನೀರು ಆರಿದಂತೆ ಬಿಸಿನೀರು ಬೆರೆಸುತ್ತಾ, ಬಣ್ಣ ಮರಳುವವರೆಗೆ ಸುಮಾರು ಅರ್ಧ ಗಂಟೆ ಇಡಬೇಕು. ನೋವು ತೀವ್ರವಾಗಿರುತ್ತದೆ, ನೋವಿನ ಮಾತ್ರೆಯನ್ನು ಮೊದಲೇ ನುಂಗಿರಿ. ಆಮೇಲೆ ಎದ್ದ ಗುಳ್ಳೆಗಳನ್ನು ಒಡೆಯದೆ, ಬೆರಳುಗಳ ನಡುವೆ ಒಣ ಬಟ್ಟೆಯಿಟ್ಟು ಸಡಿಲವಾಗಿ ಸುತ್ತಿ, ವೈದ್ಯರ ಬಳಿಗೆ ಹೊರಡಿ.